ಸದ್ದು ಬಂದ್ರೆ ಪಂಪ್ ಸರಿ ಇದೆ ಅಂತಲ್ಲ: ವ್ಯಾನಿನ ಪೆಟ್ರೋಲ್ ಪಂಪ್ ದೋಷ ಹುಡುಕುವ ಬಗೆ

ಗುಂಡ್ಯದಿಂದ ಮೇಲೆ ಹತ್ತುವಾಗ ನಮ್ಮ ವ್ಯಾನ್ ನಿಂತಿತು. ಸುಬ್ರಹ್ಮಣ್ಯಕ್ಕೆ ಹೋಗಿ ವಾಪಸ್ ತಿಪಟೂರಿಗೆ ಬರುತ್ತಿದ್ದೆವು. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಗಾಡಿಯಲ್ಲಿ ಅಪ್ಪ, ಅಮ್ಮ, ಅತ್ತೆ, ನನ್ನ ಹೆಂಡತಿ, ಇಬ್ಬರು ಮಕ್ಕಳು, ನಾನು, ಜೊತೆಗೆ ಲಗೇಜು. ಶಿರಾಡಿ ಘಾಟಿಯ ಏರು ಶುರುವಾದ ಸ್ವಲ್ಪ ಹೊತ್ತಿಗೆ ಮೂರನೇ ಗೇರಿನಲ್ಲಿ ಎಳೆತ ಕಡಿಮೆಯಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಗುದ್ದಿ ಗುದ್ದಿ ಹೋಗುತ್ತಿತ್ತು. ಎರಡನೇ ಗೇರಿಗೆ ಇಳಿಸಿದೆ, ಒಂದು ತಿರುವು ದಾಟಿತು, ಆಮೇಲೆ ಎಂಜಿನ್ ಆಫ್. ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತಿತ್ತು, ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ.

"ಪಂಪಿಗೆ ಒದ್ದೆ ಬಟ್ಟೆ ಸುತ್ತಪ್ಪ" ಅಂದರು ಅಪ್ಪ. ಅವರು ಅಂಬಾಸಿಡರ್ ಓಡಿಸಿದ ಕಾಲದಲ್ಲಿ ಅದು ಸರಿಯಾದ ಮಾತೇ. ಆಗ ಎ.ಸಿ. ಪಂಪ್ ಅಂತ ಕರೆಯುತ್ತಿದ್ದ ಪೆಟ್ರೋಲ್ ಪಂಪ್ ಎಂಜಿನ್ ಪಕ್ಕದಲ್ಲೇ ಇರುತ್ತಿತ್ತು, ಬಿಸಿಯಾಗಿ ಪೆಟ್ರೋಲ್ ಆವಿಯಾಗುತ್ತಿತ್ತು, ಒದ್ದೆ ಬಟ್ಟೆ ಹಾಕಿದರೆ ಗಾಡಿ ಹೊರಡುತ್ತಿತ್ತು. ಈಗ ಪಂಪ್ ಟ್ಯಾಂಕಿನ ಒಳಗಿದೆ, ಬಟ್ಟೆ ಸುತ್ತೋದು ಎಲ್ಲಿಗೆ? ಆದರೂ ಕಾದೆವು. 25 ನಿಮಿಷ ಆದ ಮೇಲೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಮಾರನಹಳ್ಳಿ ಹತ್ತಿರ ಮತ್ತೆ ನಿಂತಿತು. ಮತ್ತೆ ಕಾದೆವು. ಸಕಲೇಶಪುರ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಲಾರಿಗಳು ಸಾಲಾಗಿ ಹತ್ತುವ ರಸ್ತೆಯ ಅಂಚಿನಲ್ಲಿ ವಯಸ್ಸಾದವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಕಾಯುವುದು ಎಷ್ಟು ಭಯದ ಕೆಲಸ ಅಂತ ಅವತ್ತು ಗೊತ್ತಾಯಿತು. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಊರಿಗೆ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿ, ಏರ್ ಫಿಲ್ಟರ್ ಹಾಕಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿ ಕೊಟ್ಟರು. ಏನೂ ಬದಲಾಗಲಿಲ್ಲ. ಇನ್ನೊಂದು ಕಡೆ ಗಾಡಿ ಮುಟ್ಟುವ ಮೊದಲೇ "ಪಂಪ್ ಹೋಗಿದೆ ಸಾರ್, ಟ್ಯಾಂಕ್ ಇಳಿಸ್ಬೇಕು" ಅಂದರು. ಗೆಳೆಯನೊಬ್ಬ ಕೀ ಆನ್ ಮಾಡಿ ಕಿವಿಕೊಟ್ಟು "ಸದ್ದು ಬರ್ತಿದೆಯಲ್ಲೋ, ಪಂಪ್ ಚೆನ್ನಾಗೇ ಇದೆ" ಅಂದ. ಮೂರೂ ಕಡೆ ಯಾರೂ ಒಂದು ಮೀಟರ್ ಹಿಡಿಯಲಿಲ್ಲ. ನಾನು ಕಾರ್ ಮೆಕ್ಯಾನಿಕ್ ಅಲ್ಲ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವನು, ತೋಟದ ಬೋರ್‌ವೆಲ್ ಮೋಟಾರ್‌ಗಳೇ ನನ್ನ ಅನ್ನ. ಮೋಟಾರ್ ಕೆಟ್ಟಿದೆ ಅಂತ ಬೋರ್‌ವೆಲ್‌ನಿಂದ ಮೇಲೆತ್ತಿಸಿ ತಂದು, ನಮ್ಮ ಅಂಗಡಿಯಲ್ಲಿ ಟೇಬಲ್ ಮೇಲೆ ಇಟ್ಟರೆ ಸರಿಯಾಗಿ ಓಡುವುದನ್ನು ನೂರಾರು ಸಲ ನೋಡಿದ್ದೇನೆ. ದೋಷ ಕೇಬಲ್ ಜಾಯಿಂಟಿನಲ್ಲೋ ಸ್ಟಾರ್ಟರಿನಲ್ಲೋ ಇರುತ್ತದೆ. ಹಾಗಾಗಿ ಟ್ಯಾಂಕ್ ಇಳಿಸುವ ಮೊದಲು ನಾನೇ ಅಳೆದು ನೋಡೋಣ ಅಂತ ಕೂತೆ.

ಪಂಪ್ ಮಾಡುವ ಕೆಲಸ

ಎಂಪಿಎಫ್‌ಐ ಗಾಡಿಯ, ಅಂದರೆ ಇಂಜೆಕ್ಟರ್‌ಗಳಿಂದ ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಗಾಡಿಯ, ಪೆಟ್ರೋಲ್ ಪಂಪ್ ನಮ್ಮ ಸಬ್‌ಮರ್ಸಿಬಲ್ ಪಂಪಿನ ತಮ್ಮ ಅಂದುಕೊಳ್ಳಿ. ಅದು ನೀರಿನಲ್ಲಿ ಮುಳುಗಿರುತ್ತದೆ, ಇದು ಪೆಟ್ರೋಲಿನಲ್ಲಿ. ಸುತ್ತಲಿನ ನೀರೇ ಅದನ್ನು ತಂಪಾಗಿಡುತ್ತದೆ, ಸುತ್ತಲಿನ ಪೆಟ್ರೋಲೇ ಇದನ್ನು ತಂಪಾಗಿಡುತ್ತದೆ. ಪೆಟ್ರೋಲ್ ಮೋಟಾರಿನ ಒಳಗಿನಿಂದಲೇ ಹರಿದು ಹೋಗುವುದರಿಂದ ಬೇರಿಂಗಿಗೂ ಅದೇ ಎಣ್ಣೆ. ಕೆಳಗೆ ಒಂದು ಜಾಲರಿ, ಅಂದರೆ ಸ್ಟ್ರೈನರ್. ಮೇಲೆ ಒಂದು ಚೆಕ್ ವಾಲ್ವ್, ಗಾಡಿ ಆಫ್ ಮಾಡಿದ ಮೇಲೂ ಪೈಪಿನಲ್ಲಿ ಪ್ರೆಶರ್ ಉಳಿಯಲಿ ಅಂತ. ಬಾವಿ ಪಂಪಿನ ಫುಟ್‌ವಾಲ್ವ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಒಂದು ರೆಗ್ಯುಲೇಟರ್ ಇರುತ್ತದೆ, ಹೆಚ್ಚಿನ ಪೆಟ್ರೋಲನ್ನು ವಾಪಸ್ ಟ್ಯಾಂಕಿಗೆ ಬಿಟ್ಟು ಪ್ರೆಶರನ್ನು ಒಂದೇ ಮಟ್ಟದಲ್ಲಿ ಇಡುತ್ತದೆ. ಎಷ್ಟೋ ಗಾಡಿಗಳಲ್ಲಿ ಅದು ಪಂಪಿನ ಜೊತೆಗೇ ಟ್ಯಾಂಕಿನ ಒಳಗಿದೆ, ಕೆಲವದರಲ್ಲಿ ಎಂಜಿನ್ ಹತ್ತಿರ ಇದೆ.

ಸಾಮಾನ್ಯ ಪೆಟ್ರೋಲ್ ಗಾಡಿಗಳಲ್ಲಿ ಈ ಪ್ರೆಶರ್ 3 ಬಾರ್ ಆಸುಪಾಸು. ಪಿಎಸ್‌ಐ ಗೇಜ್ ಇದ್ದರೆ 43, 44 ಅಂತ ತೋರಿಸುತ್ತದೆ. ಕೆಲವದಕ್ಕೆ ಇನ್ನೂ ಜಾಸ್ತಿ ಇರುತ್ತದೆ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಲೆಕ್ಕ. ಪಂಪ್ ತಿರುಗುತ್ತಿದ್ದರೂ ಪ್ರೆಶರ್ 2ಕ್ಕೆ ಇಳಿದಿರಬಹುದು. ಆಗ ಐಡ್ಲಿಂಗಿನಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ, ಬೀದಿಯಲ್ಲಿ ಒಂದು ಸುತ್ತು ಹಾಕಿದರೂ ಏನೂ ತಿಳಿಯುವುದಿಲ್ಲ, ಏಳು ಜನ ಕೂತು ಘಾಟಿ ಹತ್ತುವಾಗ ಎಂಜಿನ್ ಕೇಳುವಷ್ಟು ಪೆಟ್ರೋಲ್ ಬರುವುದಿಲ್ಲ. ಸದ್ದು ಕೇಳಿ ಪಂಪ್ ಸರಿ ಇದೆ ಅಂದವನೂ ತಪ್ಪಿದ್ದು ಇಲ್ಲೇ.

ಯಾವ ಲಕ್ಷಣ ಯಾವ ಕಡೆ ಕೈ ತೋರಿಸುತ್ತದೆ

ಏರಿನಲ್ಲಿ, ಲೋಡಿನಲ್ಲಿ, ಓವರ್‌ಟೇಕ್ ಮಾಡುವಾಗ ಮಾತ್ರ ಎಳೆತ ಇಲ್ಲ, ಸಮತಟ್ಟಿನಲ್ಲಿ ಪರವಾಗಿಲ್ಲ ಅಂದರೆ ಪ್ರೆಶರ್ ಸಾಲುತ್ತಿಲ್ಲ ಅನ್ನುವ ಅನುಮಾನ ಬಲವಾಗುತ್ತದೆ. ಪಂಪ್ ಸವೆದಿರಬಹುದು, ಜಾಲರಿ ಕಟ್ಟಿರಬಹುದು, ಹೊರಗಡೆ ಫಿಲ್ಟರ್ ಇರುವ ಗಾಡಿಯಾದರೆ ಅದು ಕಟ್ಟಿರಬಹುದು, ಪಂಪಿಗೆ ವೋಲ್ಟೇಜ್ ಸಾಲದಿರಬಹುದು. ಬೆಳಿಗ್ಗೆ ಮಾತ್ರ ಉದ್ದುದ್ದ ಸೆಲ್ಫ್ ಹೊಡೆಯಬೇಕು, ಆಮೇಲೆ ಇಡೀ ದಿನ ತೊಂದರೆ ಇಲ್ಲ ಅಂದರೆ ಕಥೆಯೇ ಬೇರೆ. ರಾತ್ರಿ ಪ್ರೆಶರ್ ಇಳಿದುಹೋಗುತ್ತಿದೆ. ಕೀಯನ್ನು ಮೂರು ಸಲ ಆನ್ ಆಫ್ ಮಾಡಿ, ಪ್ರತಿ ಸಲ ಎರಡು ಮೂರು ಸೆಕೆಂಡ್ ಬಿಟ್ಟು, ಆಮೇಲೆ ಸೆಲ್ಫ್ ಹೊಡೆಯಿರಿ. ಪಟ್ಟನೆ ಸ್ಟಾರ್ಟ್ ಆದರೆ ಚೆಕ್ ವಾಲ್ವ್, ರೆಗ್ಯುಲೇಟರ್ ಅಥವಾ ಒಂದು ಇಂಜೆಕ್ಟರ್ ಸೋರುತ್ತಿದೆ. ಫುಟ್‌ವಾಲ್ವ್ ಸೋರುವ ಪಂಪಿಗೆ ದಿನಾ ಬೆಳಿಗ್ಗೆ ನೀರು ಹೊಯ್ದು ಸ್ಟಾರ್ಟ್ ಮಾಡುತ್ತೇವಲ್ಲ, ಅದೇ ಇದು.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವುದು ಎಲ್ಲರನ್ನೂ ದಾರಿ ತಪ್ಪಿಸುವ ಲಕ್ಷಣ. ಇದಕ್ಕೆ ಪಂಪೂ ಕಾರಣ ಇರಬಹುದು, ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರೂ ಕಾರಣ ಇರಬಹುದು. ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಸತ್ತರೆ ಎಂಜಿನ್ ತಿರುಗುತ್ತಿದೆ ಅನ್ನುವುದೇ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಅದು ಸ್ಪಾರ್ಕ್ ಕೊಡುವುದಿಲ್ಲ, ಇಂಜೆಕ್ಟರ್ ತೆರೆಯುವುದಿಲ್ಲ, ಪಂಪಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇಯನ್ನೂ ಬಿಟ್ಟುಬಿಡುತ್ತದೆ. ಆಗ ಸೆಲ್ಫ್ ಹೊಡೆಯುವಾಗ ಪಂಪಿಗೆ ಕರೆಂಟ್ ಇಲ್ಲ ಅಂತ ನೋಡಿ ಪಂಪ್ ಸರ್ಕ್ಯೂಟನ್ನು ಬೈದು ಪ್ರಯೋಜನ ಇಲ್ಲ. ಬೇರ್ಪಡಿಸುವುದು ಸುಲಭ. ಗಾಡಿ ಸ್ಟಾರ್ಟ್ ಆಗದೇ ಇರುವ ಹೊತ್ತಿನಲ್ಲೇ ಗಾಡಿಯ ಕಂಪ್ಯೂಟರನ್ನು ಓದುವ ಒಂದು ಸಣ್ಣ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಹಾಕಿ, ಸೆಲ್ಫ್ ಹೊಡೆಯುತ್ತಾ ಫೋನಿನಲ್ಲಿ ಆರ್‌ಪಿಎಂ ನೋಡಿ. 200 ಆಸುಪಾಸು ತೋರಿಸಿದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಸೊನ್ನೆ ತೋರಿಸಿದರೆ ಪಂಪನ್ನು ಬಿಡಿ, ಆ ಕಡೆ ಹೋಗಿ. ಪಿ0335 ಅನ್ನುವ ದೋಷದ ಕೋಡ್ ಬಂದಿದ್ದರೆ ಅದೂ ಅದನ್ನೇ ಹೇಳುತ್ತದೆ. ನಮ್ಮ ಗಾಡಿಯಲ್ಲಿ ಆರ್‌ಪಿಎಂ ಸರಿಯಾಗಿ ಬರುತ್ತಿತ್ತು, ಇದ್ದ ಕೋಡ್ ಪಿ0171 ಮಾತ್ರ. ಎಂಜಿನ್‌ಗೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಅಂತ ಅದರ ಅರ್ಥ. ಪಂಪ್ ಕೆಟ್ಟಿದೆ ಅಂತ ಅರ್ಥ ಅಲ್ಲ, ಎಲ್ಲೋ ಸೋರಿಕೆಯಿಂದ ಸುಳ್ಳು ಗಾಳಿ ಎಳೆದುಕೊಂಡರೂ ಇದೇ ಕೋಡ್ ಬರುತ್ತದೆ.

ಗ್ಯಾಸ್ ಕಿಟ್ ಇರುವ ವ್ಯಾನ್ ನಿಮ್ಮದಾದರೆ ಇನ್ನೂ ಸುಲಭ. ಗಾಡಿ ನಿಂತಾಗ ಗ್ಯಾಸಿಗೆ ಬದಲಾಯಿಸಿ. ಗ್ಯಾಸಿನಲ್ಲಿ ಚೆನ್ನಾಗಿ ಎಳೆಯುತ್ತದೆ, ಪೆಟ್ರೋಲಿಗೆ ಹಾಕಿದ ಕೂಡಲೇ ಸಾಯುತ್ತದೆ ಅಂದರೆ ಪ್ಲಗ್, ಕಾಯಿಲ್, ಕ್ರ್ಯಾಂಕ್ ಸೆನ್ಸರ್ ಎಲ್ಲ ಸರಿ ಇದೆ, ದೋಷ ಪೆಟ್ರೋಲ್ ದಾರಿಯಲ್ಲಿ. ಆದರೆ ಗ್ಯಾಸ್ ಗಾಡಿಯವರು ಒಂದು ತಪ್ಪು ಮಾಡುತ್ತಾರೆ, ಟ್ಯಾಂಕಿನಲ್ಲಿ ಪೆಟ್ರೋಲ್ ಒಂದೆರಡು ಲೀಟರ್ ಮಾತ್ರ ಇಟ್ಟಿರುತ್ತಾರೆ. ಕೆಲವು ಕಿಟ್‌ಗಳಲ್ಲಿ ಗ್ಯಾಸಿನಲ್ಲಿ ಓಡುವಾಗಲೂ ಪೆಟ್ರೋಲ್ ಪಂಪ್ ತಿರುಗುತ್ತಲೇ ಇರುತ್ತದೆ. ನೀರು ಇಳಿದ ಬೋರ್‌ವೆಲ್‌ನಲ್ಲಿ ಮೋಟಾರ್ ಓಡಿಸಿದಂತೆ ಅದು.

ಕೈ ಹಾಕುವ ಮೊದಲು

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಪೆಟ್ರೋಲ್ ಆವಿ ಕಣ್ಣಿಗೆ ಕಾಣುವುದಿಲ್ಲ, ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದಲ್ಲಿ ಉರಿಯುವ ಒಲೆಯನ್ನೋ ದೀಪವನ್ನೋ ಮುಟ್ಟಬಲ್ಲದು. ಕೆಲಸ ಬಯಲಲ್ಲಿ ಮಾಡಿ, ಮನೆಗೆ ಅಂಟಿದ ಶೆಡ್ಡಿನಲ್ಲಿ ಬೇಡ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬೀಡಿ ಸಿಗರೇಟಿನವರನ್ನು ದೂರ ಕಳಿಸಿ. ಕೈ ದೀಪಕ್ಕೆ ಬಲ್ಬ್ ಬೇಡ, ಎಲ್‌ಇಡಿ ಟಾರ್ಚ್ ಇರಲಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು.

ಪೈಪ್ ಬಿಚ್ಚುವ ಮೊದಲು ಪ್ರೆಶರ್ ಇಳಿಸಬೇಕು. ಪಂಪಿನ ರಿಲೇ ತೆಗೆದು ಗಾಡಿ ಸ್ಟಾರ್ಟ್ ಮಾಡಿ, ಪೈಪಿನಲ್ಲಿದ್ದ ಪೆಟ್ರೋಲ್ ಮುಗಿದು ಅದೇ ಆಫ್ ಆಗುತ್ತದೆ, ಇನ್ನೊಂದೆರಡು ಸಲ ಸೆಲ್ಫ್ ಹೊಡೆಯಿರಿ. ಟ್ಯಾಂಕ್ ಮುಚ್ಚಳ ತೆರೆದು ಮುಚ್ಚಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆಮೇಲೂ ಫಿಟ್ಟಿಂಗ್ ಬಿಚ್ಚುವಾಗ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. ನಮ್ಮಂಥ ವ್ಯಾನ್‌ಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಚೆಲ್ಲಿದರೆ ಆವಿ ಗಾಡಿಯ ಒಳಗೇ ತುಂಬುತ್ತದೆ. ಎಲ್ಲ ಬಾಗಿಲೂ ತೆಗೆದಿಡಿ. ಪ್ರೆಶರ್ ಗೇಜ್ ಹಾಕಿಕೊಂಡು ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದಂತೂ ಬೇಡವೇ ಬೇಡ. ಪೆಟ್ರೋಲ್ ಪೈಪ್ ಬಿಚ್ಚಲು ಧೈರ್ಯ ಇಲ್ಲದಿದ್ದರೆ ವೋಲ್ಟೇಜ್ ಟೆಸ್ಟ್ ನೀವು ಮಾಡಿ, ಪ್ರೆಶರ್ ಟೆಸ್ಟ್ ಮೆಕ್ಯಾನಿಕ್ ಕೈಲಿ ನಿಮ್ಮ ಕಣ್ಣೆದುರಿಗೆ ಮಾಡಿಸಿ.

ಫ್ಯೂಸ್, ರಿಲೇ

ಇದು ಐದು ನಿಮಿಷದ ಕೆಲಸ. ಫ್ಯೂಸ್ ಕಣ್ಣಲ್ಲಿ ನೋಡಿದರೆ ಸಾಲದು, ಎರಡೂ ಕಡೆ ಮೀಟರ್ ಇಟ್ಟು ನೋಡಿ. ರಿಲೇಗೆ ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನಿಂದೋ ಫ್ಯಾನಿಂದೋ, ಅದಲು ಬದಲು ಮಾಡಿ. ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಎರಡು ಮೂರು ಸೆಕೆಂಡ್ "ಝೂಂ" ಅಂತ ಕೇಳಿ ನಿಲ್ಲಬೇಕು. ಏನೂ ಕೇಳದಿದ್ದರೆ, ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಓಡಿತು ಅಂದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ, ಪಂಪಿನ ಆಯಸ್ಸು ಮುಗಿದಿದೆ. ಮನೆ ಮುಟ್ಟಲು ಸಾಕು, ಮತ್ತೆ ನಂಬಬೇಡಿ. ಕೆಲವು ಗಾಡಿಗಳಲ್ಲಿ ಡಿಕ್ಕಿಯಾದರೆ ಪಂಪನ್ನು ನಿಲ್ಲಿಸುವ ಸ್ವಿಚ್ ಇರುತ್ತದೆ, ದೊಡ್ಡ ಗುಂಡಿಗೆ ಬಿದ್ದ ಮೇಲೆ ಗಾಡಿ ನಿಂತಿದ್ದರೆ ಅದನ್ನೂ ನೋಡಿ.

ನಮ್ಮದರಲ್ಲಿ ಫ್ಯೂಸ್ ಸರಿ, ರಿಲೇ ಬದಲಾಯಿಸಿದರೂ ವ್ಯತ್ಯಾಸ ಇಲ್ಲ, ಸದ್ದೂ ಬರುತ್ತಿತ್ತು.

ವೋಲ್ಟೇಜ್: ನನ್ನ ಕಣ್ಣು ತೆರೆಸಿದ್ದು ಇದೇ

ಪಂಪಿನ ಕಪ್ಲರ್, ಅಂದರೆ ವೈರ್ ಜೋಡಿಸುವ ಸಾಕೆಟ್, ಬಿಚ್ಚಿ, ವೈರಿನ ಕಡೆ ಮೀಟರ್ ಇಟ್ಟು, 12 ವೋಲ್ಟ್ ಬಂತು, ಹಾಗಾದ್ರೆ ವೈರಿಂಗ್ ಸರಿ ಇದೆ ಅನ್ನುತ್ತಾರೆ. ಇದು ತಪ್ಪು. ಲೋಡ್ ಇಲ್ಲದಾಗ ನೋಡುವ ವೋಲ್ಟೇಜ್ ಏನನ್ನೂ ಹೇಳುವುದಿಲ್ಲ. ನಮ್ಮ ತೋಟಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ, ಲೈನಿನಲ್ಲಿ 230 ತೋರಿಸುತ್ತದೆ, ಮೋಟಾರ್ ಆನ್ ಮಾಡಿದ ಕೂಡಲೇ 160ಕ್ಕೆ ಕುಸಿಯುತ್ತದೆ. ಹಾಗಾಗಿ ಕಪ್ಲರ್ ಹಾಕಿಯೇ ಇಟ್ಟು, ಹಿಂದಿನಿಂದ ವೈರಿನ ಪಕ್ಕದಲ್ಲಿ ತೆಳ್ಳನೆ ಸೂಜಿ ತೂರಿಸಿ, ಪಂಪ್ ಓಡುತ್ತಿರುವಾಗಲೇ ಅಳೆಯಬೇಕು. ಎಂಜಿನ್ ಸ್ಟಾರ್ಟ್ ಆಗುವ ಗಾಡಿಯಾದರೆ ಎಂಜಿನ್ ಓಡಲಿ. ಆಗದಿದ್ದರೆ ರಿಲೇ ತೆಗೆದು ಅದರ ಜಾಗದಲ್ಲಿ 30 ಮತ್ತು 87 ನಂಬರಿನ ಕಾಲುಗಳ ತೂತಿಗೆ ಫ್ಯೂಸ್ ಇರುವ ವೈರ್ ಜೋಡಿಸಿದರೆ ಪಂಪ್ ಬಿಡದೆ ಓಡುತ್ತದೆ. ಜೋಡಿಸುವುದು, ಬಿಚ್ಚುವುದು ರಿಲೇ ಬಾಕ್ಸಿನ ಹತ್ತಿರ ಮಾತ್ರ. ಟ್ಯಾಂಕಿನ ಹತ್ತಿರ ಒಂದು ಕಿಡಿಯೂ ಆಗಬಾರದು.

ನನಗೆ ಬಂದ ಅಂಕಿ ಹೇಳುತ್ತೇನೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14.1 ವೋಲ್ಟ್. ಪಂಪಿನ ಕಪ್ಲರಿನಲ್ಲಿ 11.6. ಎರಡೂವರೆ ವೋಲ್ಟ್ ದಾರಿಯಲ್ಲೇ ಮಾಯ. ಅರ್ಧ ವೋಲ್ಟ್ ಆದರೆ ಸುಮ್ನೆ ಬಿಡಬಹುದು, ಒಂದು ದಾಟಿದರೆ ಹುಡುಕಲೇಬೇಕು. ಎಲ್ಲಿ ಹೋಯಿತು ಅಂತ ತಿಳಿಯಲು ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್ ಮೇಲೆ, ಇನ್ನೊಂದು ಪಂಪಿನ ಪಾಸಿಟಿವ್ ವೈರ್ ಮೇಲೆ ಇಟ್ಟೆ, 0.3 ವೋಲ್ಟ್. ಆಮೇಲೆ ಬ್ಯಾಟರಿ ನೆಗೆಟಿವ್‌ನಿಂದ ಪಂಪಿನ ಅರ್ಥ್ ವೈರಿಗೆ ಇಟ್ಟೆ, 2.2 ವೋಲ್ಟ್. ಸಿಕ್ಕಿತು. ಎಲ್ಲರೂ ಪಾಸಿಟಿವ್ ವೈರನ್ನೇ ಹುಡುಕುತ್ತಾರೆ, ಅರ್ಥನ್ನು ಯಾರೂ ನೋಡುವುದಿಲ್ಲ.

ಗಾಡಿ ಕೆಳಗೆ ಮಲಗಿ ನೋಡಿದರೆ ಅರ್ಥ್ ವೈರ್ ಬಾಡಿಗೆ ಸೇರುವ ಬೋಲ್ಟ್ ಹಿಂದಿನ ಚಕ್ರದ ಒಳಗಡೆ ಇತ್ತು. ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ಅದರ ಕೆಳಗೆ ತುಕ್ಕು. ಆ ಸರ್ಕ್ಯೂಟಿನಲ್ಲಿ 6.5 ಆಂಪ್ಸ್ ಹರಿಯುತ್ತಿತ್ತು. 2.2 ವೋಲ್ಟನ್ನು 6.5ರಿಂದ ಗುಣಿಸಿ, 14 ವ್ಯಾಟ್ ಆಯಿತು. ಪಂಪಿಗೆ ಹೋಗಬೇಕಾದ ಅಷ್ಟು ಶಕ್ತಿ ಒಂದು ತುಕ್ಕು ಹಿಡಿದ ಬೋಲ್ಟಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ವೈರಿನ ಪ್ಲಾಸ್ಟಿಕ್ ಅಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು.

ಒಂದು ವ್ಯತ್ಯಾಸ ನಮ್ಮ ವೃತ್ತಿಯವರು ಗಮನಿಸಬೇಕು. ಬೋರ್‌ವೆಲ್ ಮೋಟಾರ್ ಕಡಿಮೆ ವೋಲ್ಟೇಜಿಗೆ ಜಾಸ್ತಿ ಆಂಪ್ಸ್ ಎಳೆದು ಸುಟ್ಟುಹೋಗುತ್ತದೆ. ಇದು ಬ್ರಷ್ ಇರುವ ಡಿ.ಸಿ. ಮೋಟಾರ್, ಹಾಗೆ ಮಾಡುವುದಿಲ್ಲ. ವೋಲ್ಟೇಜ್ ಕಡಿಮೆಯಾದರೆ ವೇಗ ಕುಗ್ಗುತ್ತದೆ, ಪೆಟ್ರೋಲ್ ಕಡಿಮೆ ಎತ್ತುತ್ತದೆ. ಫ್ಯೂಸ್ ಹೋಗುವುದಿಲ್ಲ, ಸದ್ದೂ ನಿಲ್ಲುವುದಿಲ್ಲ. ಅದಕ್ಕೇ ಈ ದೋಷ ವರ್ಷಗಟ್ಟಲೆ ಅಡಗಿ ಕೂರುತ್ತದೆ.

ಬೋಲ್ಟ್ ಬಿಚ್ಚಿ, ಬಾಡಿಯನ್ನು ಹೊಳೆಯುವ ತನಕ ಉಜ್ಜಿ, ವೈರಿನ ತುದಿಗೆ ಹೊಸ ಲಗ್ ಒತ್ತಿ, ಬಿಗಿ ಮಾಡಿ ಮೇಲೆ ಗ್ರೀಸ್ ಹಚ್ಚಿದೆ. ಪಂಪಿಗೆ ಈಗ 13.6 ವೋಲ್ಟ್. ಖರ್ಚು ಒಂದು ಲಗ್, ಒಂದು ಉಪ್ಪು ಕಾಗದ. ಗೆದ್ದೆ ಅಂದುಕೊಂಡು ಅಲ್ಲಿಗೇ ನಿಲ್ಲಿಸಿದ್ದರೆ ಮತ್ತೆ ಘಾಟಿಯಲ್ಲಿ ಕೂರಬೇಕಾಗುತ್ತಿತ್ತು.

ಪ್ರೆಶರ್ ಗೇಜ್

ಬಾಡಿಗೆಗೆ ಗೇಜ್ ತಂದು, ಎಂಜಿನ್‌ಗೆ ಹೋಗುವ ಪೈಪಿನ ಮಧ್ಯೆ ಟೀ ಜಾಯಿಂಟ್ ಹಾಕಿ ಜೋಡಿಸಿದೆ. ಅರ್ಥ್ ಬೋಲ್ಟ್ ಸರಿ ಮಾಡುವ ಮುಂಚೆಯೇ ಒಂದು ಸಲ ನೋಡಿದ್ದೆ, ಐಡ್ಲಿಂಗಿನಲ್ಲಿ 2.2 ಬಾರ್, ರೇಸ್ ಮಾಡಿ ಹಿಡಿದರೆ 1.7ಕ್ಕೆ ಇಳಿಯುತ್ತಿತ್ತು. ಸರಿ ಮಾಡಿದ ಮೇಲೆ ತಣ್ಣಗಿರುವಾಗ 2.8. ತುಂಬಾ ಜನ ಇಲ್ಲಿಗೆ ಗೇಜ್ ಬಿಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೋಷ ಬಿಸಿಯಲ್ಲಿ ಬರುತ್ತದೆ ಅಂದ ಮೇಲೆ ಬಿಸಿಯಲ್ಲೇ ಅಳೆಯಬೇಕು ಅಲ್ವಾ? ಬಾಗಿಲೆಲ್ಲ ತೆಗೆದು, ಎ.ಸಿ. ಹಾಕಿ, ಗಾಡಿಯನ್ನು ನಿಂತಲ್ಲೇ 40 ನಿಮಿಷ ಓಡಿಸಿದೆ, ಅಷ್ಟು ಹೊತ್ತೂ ಪಕ್ಕದಲ್ಲೇ ಇದ್ದೆ. 15 ನಿಮಿಷಕ್ಕೆ 2.6, ಅರ್ಧ ಗಂಟೆಗೆ 2.3, ಕೊನೆಗೆ 2.0. ಮುಳ್ಳು ನಡುಗುತ್ತಿತ್ತು. ವೋಲ್ಟೇಜ್ ಮಾತ್ರ 13.6ರಲ್ಲೇ ಗಟ್ಟಿ ನಿಂತಿತ್ತು. ಈಗ ಪಂಪ್ ಮೇಲೆ ಬೆರಳು ತೋರಿಸುವ ಹಕ್ಕು ಬಂತು. ಕರೆಂಟ್ ಸರಿಯಾಗಿ ಕೊಟ್ಟರೂ ಬಿಸಿಯಾದಂತೆ ಸೋಲುತ್ತಿದೆ.

ಆಮೇಲೆ ಡಿ.ಸಿ. ಕ್ಲ್ಯಾಂಪ್ ಮೀಟರ್, ಅಂದರೆ ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಆಂಪ್ಸ್ ಅಳೆಯುವ ಮೀಟರ್. ಎ.ಸಿ. ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಕೆಲಸಕ್ಕೆ ಬಾರದು, ನೋಡಿ ತೆಗೆದುಕೊಳ್ಳಿ. ಇಂಥ ಪಂಪ್‌ಗಳು ಸಾಮಾನ್ಯವಾಗಿ 4ರಿಂದ 6 ಆಂಪ್ಸ್ ಎಳೆಯುತ್ತವೆ. ನಮ್ಮದು 6.5. ಆಂಪ್ಸ್ ಜಾಸ್ತಿ, ಪ್ರೆಶರ್ ಕಡಿಮೆ ಅಂದರೆ ಮೋಟಾರ್ ತಾನು ತಿರುಗಲಿಕ್ಕೇ ಹೆಣಗುತ್ತಿದೆ. ಆಂಪ್ಸ್ ಜಾಸ್ತಿ ಇದ್ದು ಪಂಪಿನ ಹತ್ತಿರ ಪ್ರೆಶರೂ ಜಾಸ್ತಿ, ಎಂಜಿನ್ ಹತ್ತಿರ ಮಾತ್ರ ಕಡಿಮೆ ಅಂದರೆ ಮಧ್ಯದ ಫಿಲ್ಟರ್ ಕಟ್ಟಿದೆ. ಆಂಪ್ಸೂ ಕಡಿಮೆ, ಪ್ರೆಶರೂ ಕಡಿಮೆ, ಪಂಪ್ ಕೀರಲು ದನಿಯಲ್ಲಿ ಕೂಗುತ್ತಿದೆ ಅಂದರೆ ಕೆಳಗಿನ ಜಾಲರಿ ಕಟ್ಟಿ ಪಂಪಿಗೆ ಪೆಟ್ರೋಲ್ ಸಿಗುತ್ತಿಲ್ಲ ಅಂತ ಅನುಮಾನಿಸಿ.

ರಿಟರ್ನ್ ಪೈಪ್ ಇರುವ ಹಳೇ ಗಾಡಿಯಾದರೆ ರೆಗ್ಯುಲೇಟರನ್ನು ಬೇರ್ಪಡಿಸಿ ನೋಡಬಹುದು. ರಬ್ಬರ್ ರಿಟರ್ನ್ ಪೈಪನ್ನು ಒಂದು ಕ್ಷಣ ಹಿಸುಕಿ ಹಿಡಿದರೆ ಪ್ರೆಶರ್ ಸರ್ರನೆ ಏರಬೇಕು. ಏರಿದರೆ ಪಂಪಿಗೆ ಶಕ್ತಿ ಇದೆ, ರೆಗ್ಯುಲೇಟರ್ ಜಾಸ್ತಿ ಬಿಡುತ್ತಿದೆ. ಏರದಿದ್ದರೆ ಪಂಪೋ ಫಿಲ್ಟರೋ ಸೋತಿದೆ. ನೈಲಾನ್ ಪೈಪನ್ನು ಯಾವತ್ತೂ ಹಿಸುಕಬೇಡಿ, ಸೀಳುತ್ತದೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತು ಮೂಸಿ ನೋಡಿ, ಒಳಗೆ ಪೆಟ್ರೋಲ್ ಇದ್ದರೆ ಡಯಾಫ್ರಮ್ ಹರಿದಿದೆ. ಕೊನೆಗೆ ಗಾಡಿ ಆಫ್ ಮಾಡಿ ಐದು ನಿಮಿಷ ಗೇಜ್ ನೋಡಿ. ನಿಧಾನವಾಗಿ ಸ್ವಲ್ಪ ಇಳಿದರೆ ಪರವಾಗಿಲ್ಲ, ಕಣ್ಣೆದುರಿಗೇ ಸೊನ್ನೆಗೆ ಬಂದರೆ ಮೇಲೆ ಹೇಳಿದ ಬೆಳಗಿನ ಸೆಲ್ಫ್ ತೊಂದರೆಗೆ ಅದೇ ಕಾರಣ.

ಟ್ಯಾಂಕ್ ಇಳಿಸಿದಾಗ

ನಿಮ್ಮ ಗಾಡಿಯಲ್ಲಿ ಹಿಂದಿನ ಸೀಟಿನ ಕೆಳಗೆ ಮುಚ್ಚಳ ಇದ್ದರೆ ಅದೃಷ್ಟ. ನಮ್ಮದರಲ್ಲಿ ಟ್ಯಾಂಕ್ ಇಳಿಸಲೇಬೇಕು. 40 ಲೀಟರ್ ಪೆಟ್ರೋಲ್ ಅಂದರೆ 30 ಕೆ.ಜಿ. ಹತ್ತಿರ, ಅದಕ್ಕೇ ಖಾಲಿ ಮಾಡಿಕೊಂಡೇ ಇಳಿಸಿ. ಈ ಕೆಲಸ ನಾನು ಒಬ್ಬನೇ ಮಾಡಲಿಲ್ಲ, ಲಿಫ್ಟ್ ಇರುವ ಒಬ್ಬ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ. ಬರೆದಿಟ್ಟುಕೊಂಡಿದ್ದ ವೋಲ್ಟೇಜು, ಪ್ರೆಶರು, ಆಂಪ್ಸ್ ತೋರಿಸಿದೆ. ಆತ ಚೀಟಿ ನೋಡಿ "ಹಂಗಾದ್ರೆ ಪಂಪೇ ಅಣ್ಣ, ಅನುಮಾನ ಇಲ್ಲ" ಅಂದ.

ಟ್ಯಾಂಕಿನ ಮೇಲೆ ಕೂತ ಮಣ್ಣನ್ನು ಮೊದಲು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಮುಚ್ಚಳ ತೆರೆದ ಕೂಡಲೇ ಅದೆಲ್ಲ ಒಳಗೆ ಬೀಳುತ್ತದೆ. ನಮ್ಮ ಜಾಲರಿ ಅರ್ಧಕ್ಕಿಂತ ಜಾಸ್ತಿ ಕಪ್ಪಾಗಿ ಮುಚ್ಚಿತ್ತು. ಟ್ಯಾಂಕಿನ ತಳದಲ್ಲಿ ಸಣ್ಣ ಮರಳಿನಂಥ ಕಸ. ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತುಂಬಿ ಒಂದು ಗಂಟೆ ಇಟ್ಟು ನೋಡಿದೆವು, ಕೆಳಗೆ ಬೇರೆ ಪದರ ಕಾಣಲಿಲ್ಲ. ಕಂಡರೆ ನೀರು ಸೇರಿದೆ ಅಂತ. ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಈಗ ಬಂಕ್‌ಗಳಲ್ಲೆಲ್ಲ ಅದೇ ಬರುತ್ತಿದೆ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಡುವ ಗಾಡಿಯವರು ಈ ಬಾಟಲಿ ಪರೀಕ್ಷೆ ಮರೆಯಬಾರದು.

ಹಳೇ ಪಂಪನ್ನು ಅಂಗಡಿಗೆ ತಂದು, ಚೆನ್ನಾಗಿ ಒಣಗಿಸಿ ಬಿಚ್ಚಿದೆ. ಬ್ರಷ್ ಉಜ್ಜುವ ಕಮ್ಯುಟೇಟರ್ ಮೇಲೆ ಗಾಡಿ ಚಕ್ರದ ಜಾಡಿನಂತೆ ಆಳ ಗೆರೆ, ಬ್ರಷ್ ಬಟಾಣಿ ಕಾಳಿನಷ್ಟು ಉಳಿದಿತ್ತು. ನಾವು ವರ್ಷಗಟ್ಟಲೆ 500 ರೂಪಾಯಿ ಪೆಟ್ರೋಲ್ ಹಾಕಿಸಿಕೊಂಡು ರಿಸರ್ವ್ ದೀಪ ಉರಿಯುವಾಗಲೇ ಓಡಿಸುತ್ತಿದ್ದೆವು. ಘಾಟಿಯಲ್ಲಿ ನಿಂತ ದಿನವೂ ಅದು ಉರಿಯುತ್ತಿತ್ತು. ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇದ್ದರೆ ಇರುವಷ್ಟೂ ಬೇಗ ಬಿಸಿಯಾಗುತ್ತದೆ, ಪಂಪ್ ಅರ್ಧ ಮೇಲೆ ಬರುತ್ತದೆ, ತಳದ ಕಸವೆಲ್ಲ ಜಾಲರಿಗೆ ಬರುತ್ತದೆ. ಈಗ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ.

ಹೊಸ ಪಂಪನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಅಲ್ಲಿ ಒಂದೇ ಪಂಪಿಗೆ ಮೂರು ನಾಲ್ಕು ಬೆಲೆ ಹೇಳುತ್ತಾರೆ. ತೀರಾ ಅಗ್ಗದ್ದು ಬೇಡ. ಪಾರ್ಟ್ ನಂಬರ್ ಹೊಂದಿಸಿ, ಬಿಲ್ ತೆಗೆದುಕೊಂಡು, ಹೊಸ ಜಾಲರಿ ಮತ್ತು ಮುಚ್ಚಳದ ಹೊಸ ರಬ್ಬರ್ ಸೀಲ್ ಜೊತೆಗೇ ತನ್ನಿ. ಹಳೇ ಸೀಲನ್ನೇ ಹಾಕಿದರೆ ಟ್ಯಾಂಕ್ ತುಂಬಿಸಿದ ದಿನ ಗಾಡಿಯೊಳಗೆ ಪೆಟ್ರೋಲ್ ವಾಸನೆ ಬರುತ್ತದೆ, ಆಮೇಲೆ ಟ್ಯಾಂಕ್ ಮತ್ತೆ ಇಳಿಸಬೇಕು.

ಹಾಕಿದ ಮೇಲೆ ಕೀ ಮೂರು ನಾಲ್ಕು ಸಲ ಆನ್ ಮಾಡಿ, ಸ್ಟಾರ್ಟ್ ಮಾಡುವ ಮೊದಲೇ ಪ್ರತಿಯೊಂದು ಜಾಯಿಂಟನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಮ್ಮೆ ಮೂಸಿ ನೋಡಿ. ಆಮೇಲೆ ಹಳೇ ಟೆಸ್ಟುಗಳನ್ನೇ ಮತ್ತೆ ಮಾಡಿ. ನಮಗೆ ಬಂದದ್ದು 13.7 ವೋಲ್ಟ್, 4.4 ಆಂಪ್ಸ್, ತಣ್ಣಗಿರುವಾಗ 3.0 ಬಾರ್, 40 ನಿಮಿಷ ಓಡಿದ ಮೇಲೂ 3.0. ಬರೀ ಪಂಪ್ ಬದಲಾಯಿಸಿ ಆ ಅರ್ಥ್ ಬೋಲ್ಟನ್ನು ಹಾಗೇ ಬಿಟ್ಟಿದ್ದರೆ ಹೊಸ ಪಂಪೂ ನಿಧಾನವಾಗಿಯೇ ತಿರುಗುತ್ತಿತ್ತು. ಊರಲ್ಲಿ ಗೊತ್ತಾಗುತ್ತಿರಲಿಲ್ಲ, ಏರಿನಲ್ಲಿ ಗೊತ್ತಾಗುತ್ತಿತ್ತು. ಹೊಸ ಪಂಪ್ ಹಾಕಿದರೂ ತೊಂದರೆ ಹೋಗಿಲ್ಲ ಅಂತ ಹೇಳುವವರು ಸಿಕ್ಕರೆ ನಾನು ಮೊದಲು ಅರ್ಥ್ ವೈರ್ ನೋಡಿ ಅನ್ನುತ್ತೇನೆ.

ನಮ್ಮ ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಮುಗಿಸಿದ ಮೇಲೆ ಅದರ ಬಾಡಿ ಮೇಲೆ ತಾರೀಖು ಮತ್ತು ಆಂಪ್ಸನ್ನು ಪೇಂಟಿನಲ್ಲಿ ಬರೆಯುತ್ತೇವೆ, ಮುಂದಿನ ಸಲ ಬಿಚ್ಚುವವನಿಗೆ ಗೊತ್ತಾಗಲಿ ಅಂತ. ವ್ಯಾನಿನ ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಡೆಯೂ ಒಂದು ಚೀಟಿ ಅಂಟಿಸಿದ್ದೇನೆ, ಪಂಪ್ ಹಾಕಿದ ದಿನ, ಕಿಲೋಮೀಟರ್, ಆ ಮೂರು ಅಂಕಿ, ಮತ್ತು ಅರ್ಥ್ ಬೋಲ್ಟ್ ಎಲ್ಲಿದೆ ಅನ್ನುವುದು.